ತೋಟಕ್ಕೆ ಹೋದ ತೇಜಸ್ವಿ

ನಮ್ಮ ಕೆ.ಆರ್. ಪೇಟೆ ಸೀಮೆಯಲ್ಲಿ ಕಾವೇರಿಯನ್ನು ಕೂಡುವ ಹೇಮಾವತಿ ಹುಟ್ಟುವುದು ಮೂಡಿಗೆರೆಯ ಬೆಟ್ಟಗಳಲ್ಲಿ. ನಾಗಮಂಗಲಕ್ಕೆ ನಾಲೆಯಾಗಿ ಬರುವುದು ಆ ನೀರೇ. ಕನ್ನಂಬಾಡಿ ಕಟ್ಟೆ ಸೇರಿ ಪಾಂಡವಪುರ, ಶ್ರೀರಂಗಪಟ್ಟಣದ ಗದ್ದೆಗಳಿಗೆ ಹರಿಯುವುದರಲ್ಲೂ ಅದರ ಪಾಲಿದೆ. ಆದ್ದರಿಂದ ಮೂಡಿಗೆರೆಯಲ್ಲಿ ಬಾಳಿದ ಪೂರ್ಣಚಂದ್ರ ತೇಜಸ್ವಿಯವರನ್ನು ನಾನು ಹೊರಗಿನವರೆಂದು ಎಣಿಸುವುದಿಲ್ಲ.

ಈ ಶಾಲೆಯಲ್ಲಿ ಕನ್ನಡ ಪಾಠ ಹೇಳಿದ ನನ್ನನ್ನು ಹಬ್ಬಕ್ಕೆ ಊರಿಗೆ ಬಂದ ಹಳೆಯ ವಿದ್ಯಾರ್ಥಿಗಳು ಮಾತನಾಡಿಸುತ್ತಾರೆ. ಬೆಂಗಳೂರಿನ ಕೆಲಸ ಸಾಕಾಗಿದೆ, ಊರಲ್ಲೇ ಇದ್ದುಬಿಡಬೇಕು ಎನ್ನುತ್ತಾರೆ. ಅವರ ತಂದೆತಾಯಿಗಳಿಗೆ ಈ ಮಾತು ಕೇಳಿದರೇ ಎದೆ ಒಡೆಯುತ್ತದೆ. ಇಬ್ಬರಿಗೂ ಉಪಯೋಗವಾದೀತೆಂದು ಈ ಬರಹ.

1938ರಲ್ಲಿ ಹುಟ್ಟಿದ ತೇಜಸ್ವಿ ಕುವೆಂಪು ಅವರ ಮಗ. ತಂದೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದವರು. ಕನ್ನಡ ಎಂ.ಎ. ಮುಗಿಸಿದ ಮಗನಿಗೆ ಮೈಸೂರಿನಲ್ಲಿ ಮೇಷ್ಟರ ಕೆಲಸ ಸಿಗದೆ ಇರುತ್ತಿತ್ತೇ? ಅವರು ಆ ದಾರಿ ಹಿಡಿಯದೆ ಮೂಡಿಗೆರೆ ತಾಲ್ಲೂಕಿನ ಕಾಡಂಚಿಗೆ ಹೋಗಿ ಕಾಫಿ ತೋಟ ಮಾಡಿದರು. ಮೊದಲ ತೋಟ ಚಿತ್ರಕೂಟ. 1966ರಲ್ಲಿ ಅಲ್ಲೇ ರಾಜೇಶ್ವರಿಯವರೊಡನೆ ಸರಳ ಮದುವೆ. ಆಮೇಲಿನ ತೋಟದ ಹೆಸರು ನಿರುತ್ತರ.

ತಂದೆಯ ಹೆಸರಿದ್ದವರಿಗೆ ಇದೆಲ್ಲ ಸುಲಭ ಎನ್ನುವವರಿದ್ದಾರೆ. ಬರಿಗೈಯವರಲ್ಲ, ನಿಜ. ಆದರೆ ಆ ಹೆಸರಿಗೆ ಹೆಚ್ಚು ಬೆಲೆಯಿದ್ದದ್ದು ಮೈಸೂರಿನಲ್ಲಿ. ಮಳೆ, ಕಾಯಿಕೊರಕ, ಕೂಲಿಯಾಳುಗಳ ತಾಪತ್ರಯಕ್ಕೆ ಅದು ಲೆಕ್ಕಕ್ಕಿಲ್ಲ. ಬೆಳೆದ ಕಾಫಿಯನ್ನು ಬೇಕಾದವರಿಗೆ ಮಾರುವ ಹಕ್ಕೂ ಆಗ ಬೆಳೆಗಾರನಿಗಿರಲಿಲ್ಲ, ಕಾಫಿ ಬೋರ್ಡಿಗೇ ಒಪ್ಪಿಸಬೇಕಿತ್ತು. ಕಬ್ಬನ್ನು ಕಾರ್ಖಾನೆಗೆ ಸಾಗಿಸಿ ಹಣಕ್ಕೆ ಕಾಯುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಲ್ಲಿ ಅವರು ಸುಮ್ಮನೆ ಕೂರಲಿಲ್ಲ. ಗಾಳ ಹಾಕಿ ಮೀನು ಹಿಡಿದರು, ಹಕ್ಕಿಗಳ ಫೋಟೊ ತೆಗೆದರು, ರೈತ ಚಳವಳಿಯಲ್ಲಿ ಓಡಾಡಿದರು, ಜಪಾನಿನ ಫುಕುವೋಕರ ಸಹಜ ಕೃಷಿಯನ್ನು ಕನ್ನಡಿಗರಿಗೆ ಪರಿಚಯಿಸಿದರು, ಕೊನೆಕೊನೆಗೆ ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ಮೂಡಲೆಂದು ತಲೆ ಕೆಡಿಸಿಕೊಂಡರು. 1980ರಲ್ಲಿ ಕರ್ವಾಲೊ ಬಂತು. ಬೇಸಾಯದಿಂದ ಬೇಸತ್ತವನೇ ಅದರ ಕತೆ ಹೇಳುತ್ತಾನೆ. ಜೇನು ಹಿಡಿದುಕೊಂಡು ತಿರುಗುವ ಮಂದಣ್ಣ ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನು. ವಿಜ್ಞಾನಿ ಕರ್ವಾಲೊಗೆ ಕಾಡನ್ನು ಬಲ್ಲವನು. ಪರೀಕ್ಷೆಯಲ್ಲಿ ಹಿಂದುಳಿದ ನನ್ನ ಹುಡುಗರು ಮಂದಣ್ಣನ ಕತೆ ಹೇಳಿದ ದಿನ ಗಂಟೆ ಹೊಡೆದರೂ ಏಳುತ್ತಿರಲಿಲ್ಲ. ಮೈಸೂರಿನಲ್ಲೇ ಉಳಿದಿದ್ದರೆ ತೇಜಸ್ವಿಗೆ ಮಂದಣ್ಣ ಸಿಗುತ್ತಿದ್ದನೆಂದು ನನಗನ್ನಿಸುವುದಿಲ್ಲ.

ಊರಿಗೆ ಮರಳುವೆನೆನ್ನುವ ಗಂಡುಮಕ್ಕಳು ರಾಜೇಶ್ವರಿಯವರನ್ನೂ ನೆನೆಯಬೇಕು. ತತ್ತ್ವಶಾಸ್ತ್ರ ಓದಿದ ಆಕೆ ಆ ಕಾಡುಮನೆಯಲ್ಲಿ ಸಂಸಾರ ನಡೆಸಿ ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದರು. 2007ರ ಏಪ್ರಿಲ್ 5ರಂದು ತೇಜಸ್ವಿ ನಿರುತ್ತರದಲ್ಲೇ ತೀರಿಕೊಂಡರು. ಆ ಬಾಳಿನ ಕಷ್ಟಸುಖವನ್ನೆಲ್ಲ ಆಕೆ ನನ್ನ ತೇಜಸ್ವಿ ಎಂಬ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ.