ಸಮುದ್ರದೊಳಗೆ ಉಸಿರಾಡಿದ ಜಾಕ್ ಕೂಸ್ಟೊ

ಬೆನ್ನಿಗೆ ಸಿಲಿಂಡರ್ ಕಟ್ಟಿ ಮೀನುಗಳ ನಡುವೆ ಈಜುವವರನ್ನು ನೀವು ಟಿ.ವಿ.ಯಲ್ಲಿ ನೋಡಿರಬಹುದು. ಅದಕ್ಕೆ ದಾರಿ ಮಾಡಿದವರಲ್ಲಿ ಫ್ರಾನ್ಸಿನ ಜಾಕ್ ಕೂಸ್ಟೊ (1910–1997) ಪ್ರಮುಖರು. ನೌಕಾಪಡೆಯಲ್ಲಿ ವಿಮಾನ ಚಾಲಕರಾಗಬೇಕೆಂದಿದ್ದ ಅವರ ಕೈಗಳು 1936ರ ಕಾರು ಅಪಘಾತದಲ್ಲಿ ಮುರಿದವು. ಚೇತರಿಸಿಕೊಳ್ಳಲು ಈಜತೊಡಗಿದವರನ್ನು ಸಮುದ್ರವೇ ಸೆಳೆದುಕೊಂಡಿತು. 1943ರಲ್ಲಿ ಇಂಜಿನಿಯರ್ ಎಮಿಲ್ ಗಾನ್ಯಾನ್ ಜೊತೆಗೂಡಿ, ಉಸಿರೆಳೆದಾಗ ಮಾತ್ರ ಗಾಳಿ ಬಿಡುವ ಸಾಧನವನ್ನು ರೂಪಿಸಿದರು.

ಇನ್ನೊಂದು ಮುಖವನ್ನೂ ಮುಚ್ಚಿಡಬಾರದು. 1956ರ ಅವರ ಚಿತ್ರ 'ದಿ ಸೈಲೆಂಟ್ ವರ್ಲ್ಡ್'ನಲ್ಲಿ ಮೀನುಗಳ ಎಣಿಕೆಗೆಂದು ಹವಳದ ದಿಬ್ಬದಲ್ಲಿ ಡೈನಮೈಟ್ ಸಿಡಿಸಲಾಗಿತ್ತು! ಅದೇ ಕೂಸ್ಟೊ 1972-73ರಲ್ಲಿ ಅಂಟಾರ್ಕ್ಟಿಕಕ್ಕೆ ಹೋದರು. ಅವರ ತಂಡ ಕೊರೆಯುವ ನೀರಿನಲ್ಲಿ ಹಿಮಗಡ್ಡೆಗಳಡಿ ಮುಳುಗಿ ಅಲ್ಲಿನ ಲೋಕವನ್ನು ಚಿತ್ರೀಕರಿಸಿತು. ಮುಂದೆ ಆ ಖಂಡದಲ್ಲಿ ಗಣಿಗಾರಿಕೆ ಬೇಡವೆಂದು ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹಿಸಿದರು. 1991ರ ಮ್ಯಾಡ್ರಿಡ್ ಒಪ್ಪಂದ ಅದನ್ನು ನಿಷೇಧಿಸಿತು.