ನೌಕರಿಯ ಲೆಕ್ಕ ಕೇಳಿದ ಶಾಹು ಮಹಾರಾಜರು



ಮೀಸಲಾತಿ ಅಂದಕೂಡಲೇ ನಮಗೆ ಬಾಬಾಸಾಹೇಬರು ನೆನಪಾಗ್ತಾರೆ. ಅವರಿಗಿಂತ ಮುಂಚೆ ಈ ದಾರಿ ತೆರೆದವರೊಬ್ಬರು ನಮ್ಮ ಗೋವಾದಿಂದ ಘಟ್ಟ ಹತ್ತಿದರೆ ಸಿಗುವ ಕೊಲ್ಹಾಪುರದಲ್ಲಿದ್ದರು. ಅವರೇ ರಾಜರ್ಷಿ ಶಾಹು ಮಹಾರಾಜರು.

1874ರ ಜೂನ್ 26ರಂದು ಕಾಗಲ್‌ದ ಘಾಟಗೆ ಮನೆತನದಲ್ಲಿ ಹುಟ್ಟಿದ ಯಶವಂತರಾವ್ 1884ರಲ್ಲಿ ಕೊಲ್ಹಾಪುರದ ಗಾದಿಗೆ ದತ್ತು ಹೋದರು. ನಮ್ಮ ಧಾರವಾಡದಲ್ಲೂ ಕೆಲ ವರ್ಷ ಓದಿದರು. 1894ರಲ್ಲಿ ಅಧಿಕಾರ ವಹಿಸಿಕೊಂಡಾಗ ಆಡಳಿತದ 71 ದೊಡ್ಡ ಹುದ್ದೆಗಳ ಪೈಕಿ 60ರಲ್ಲಿ ಬ್ರಾಹ್ಮಣರೇ ಇದ್ದರು.

1902ರ ಜುಲೈ 26ರಂದು ಅವರ ಆದೇಶ ಹೊರಬಿತ್ತು. ಇನ್ನು ಮುಂದೆ ಖಾಲಿಯಾಗುವ ಹುದ್ದೆಗಳಲ್ಲಿ ನೂರಕ್ಕೆ 50 ಹಿಂದುಳಿದವರಿಗೆ. ಅಷ್ಟೇ ಅಲ್ಲ, ಯಾರನ್ನು ನೇಮಿಸಿದ್ದೀರಿ ಅಂತ ಪ್ರತಿ ಕಚೇರಿಯ ಮುಖ್ಯಸ್ಥ ಮೂರು ತಿಂಗಳಿಗೊಮ್ಮೆ ಲೆಕ್ಕ ಕೊಡಬೇಕು. ಕೇಳುವವರಿಲ್ಲದಿದ್ದರೆ ಆದೇಶ ಕಾಗದದಲ್ಲೇ ಮಲಗುತ್ತದೆ ಅನ್ನೋದು ಅವರಿಗೆ ಗೊತ್ತಿತ್ತು.

ನೌಕರಿ ಸಿಕ್ಕರೆ ಸಾಕೇ? ಗಂಗಾರಾಮ ಕಾಂಬಳೆ ಅರಮನೆಯ ಕುದುರೆ ಲಾಯದಲ್ಲಿ ಕೆಲಸಕ್ಕಿದ್ದರು. ನೀರಿನ ಹೌದು ಮುಟ್ಟಿದರೆಂದು ಜೊತೆಯ ಕೆಲಸಗಾರರೇ ಅವರನ್ನು ಹೊಡೆದರು. ಮಹಾರಾಜರು ಹೊಡೆದವರನ್ನು ಶಿಕ್ಷಿಸಿದರು. ಮುಂದೆ ಗಂಗಾರಾಮ ಚಹಾದಂಗಡಿ ಹಾಕಿದಾಗ ಜಾತಿ ನೋಡಿ ಜನ ಬರಲಿಲ್ಲ. ಮಹಾರಾಜರು ತಾವೇ ಅಲ್ಲಿ ನಿಂತು ಚಹಾ ಕುಡಿದರು, ಜೊತೆಗಿದ್ದವರಿಗೂ ಕುಡಿಸಿದರು.

ಓದಿಲ್ಲದವರಿಗೆ ಹುದ್ದೆ ಇಟ್ಟರೆ ತುಂಬುವವರು ಯಾರು? ಅದಕ್ಕೇ ನಮ್ಮ ಮಕ್ಕಳಿಗೂ ವಸತಿಗೃಹ ಕಟ್ಟಿಸಿದರು, ಪ್ರಾಥಮಿಕ ಶಿಕ್ಷಣವನ್ನು ಉಚಿತ, ಕಡ್ಡಾಯ ಮಾಡಿದರು. ನಮ್ಮವರನ್ನು ತಲಾಠಿಗಳನ್ನಾಗಿ ನೇಮಿಸಿದರು. 1920ರ ಮಾರ್ಚ್‌ನಲ್ಲಿ ಮಾಣಗಾಂವ್ ಪರಿಷತ್ತಿಗೆ ಬಂದು, ತರುಣ ಅಂಬೇಡ್ಕರರೇ ನಿಮ್ಮ ನಾಯಕರೆಂದು ಜನರಿಗೆ ಹೇಳಿದರು. 1922ರ ಮೇ 6ರಂದು, 47ನೇ ವಯಸ್ಸಿಗೇ, ತೀರಿಕೊಂಡರು.

ನಮ್ಮ ತಂದೆ-ತಾಯಿ ಕರ್ನಾಟಕದಿಂದ ದುಡಿಯಲು ಬಂದವರು. ಅಲ್ಲಿಯ ಜಾತಿ ಪ್ರಮಾಣಪತ್ರ ಗೋವಾ ಸರಕಾರದ ಮೀಸಲು ಹುದ್ದೆಗೆ ನಡೆಯೋದಿಲ್ಲ. ರೈಲ್ವೆಯಂಥ ಕೇಂದ್ರದ ನೌಕರಿಗೆ ನಡೆಯುತ್ತದೆ. ಗುತ್ತಿಗೆ ಕೆಲಸಕ್ಕೆ ಹೋದರೆ ನಮ್ಮ ಲೆಕ್ಕ ಕೇಳುವವರೇ ಕಡಿಮೆ. ಹಾಗಾದರೆ ನಾವೇ ಕೇಳೋಣ. ಓಣಿಯಲ್ಲಿ ಯಾರಿಗೆ ಯಾವ ಕೆಲಸ ಸಿಕ್ಕಿತು, ಕಾಯಂ ಆಯಿತೋ ಇಲ್ಲವೋ, ಅಲ್ಲಿ ಎಲ್ಲರ ಜೊತೆ ಕೂತು ಉಣ್ಣುತ್ತಾರೋ ಇಲ್ಲವೋ ಅಂತ ಸಂಘದಲ್ಲಿ ಒಂದು ವಹಿ ಇಡೋಣ. ಮೂರು ತಿಂಗಳಿಗೊಮ್ಮೆ ತೆರೆದು ನೋಡೋಣ.

ಜೈ ಭೀಮ್.