ಶಾರ್ಕೊ: ನರವೈದ್ಯನೊಬ್ಬನ ಜೀವನ

ಜೀನ್ ಮಾರ್ಟಿನ್ ಶಾರ್ಕೊ 1825ನೆಯ ಇಸವಿ ನವೆಂಬರ್ 29ರಂದು ಪ್ಯಾರಿಸ್ ನಗರದಲ್ಲಿ ಜನಿಸಿದನು. ತಂದೆ ಕುದುರೆಗಾಡಿಗಳನ್ನು ತಯಾರಿಸುವ ಕುಶಲಕರ್ಮಿ. ಹುಡುಗ ಮಿತಭಾಷಿ, ಚಿತ್ರ ಬರೆಯುವುದೆಂದರೆ ಅವನಿಗೆ ಬಲು ಪ್ರೀತಿ. ಚಿತ್ರಕಾರನ ಆ ಸೂಕ್ಷ್ಮದೃಷ್ಟಿ ಮುಂದೆ ವೈದ್ಯವೃತ್ತಿಯಲ್ಲಿ ಅವನ ಕೈಹಿಡಿಯಿತು.

1862ರಲ್ಲಿ ಆತನು ಸಾಲ್ಪೆತ್ರಿಯೇರ್ ಆಸ್ಪತ್ರೆಯಲ್ಲಿ ಪ್ರಧಾನ ವೈದ್ಯನಾದನು. ವೃದ್ಧೆಯರೂ ನಿರ್ಗತಿಕ ಸ್ತ್ರೀಯರೂ ಸಾವಿರಾರು ಸಂಖ್ಯೆಯಲ್ಲಿ ಅಲ್ಲಿ ಆಶ್ರಯ ಪಡೆದಿದ್ದರು. ಆ ದೀನಾಲಯವನ್ನೇ ಶಾರ್ಕೊ ವಿದ್ಯಾಲಯವನ್ನಾಗಿ ಮಾಡಿದನು. ರೋಗಿಗಳನ್ನು ವರ್ಷಗಟ್ಟಲೆ ಗಮನಿಸುವುದು, ಅವರು ತೀರಿಕೊಂಡ ಮೇಲೆ ಮೆದುಳು, ಬೆನ್ನುಹುರಿಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು ಆತನ ಕ್ರಮವಾಗಿತ್ತು.

ಇದರ ಫಲ 1868ರಲ್ಲಿ ಕಂಡಿತು. ಕೈನಡುಕವುಳ್ಳ ರೋಗಿಗಳಲ್ಲಿ ಎರಡು ಬಗೆಯುಂಟೆಂದು ಆತನು ತೋರಿಸಿದನು. ಪಾರ್ಕಿನ್ಸನ್ ರೋಗದಲ್ಲಿ ಕೈ ಸುಮ್ಮನಿದ್ದಾಗ ನಡುಗುತ್ತದೆ. ಇನ್ನೊಂದರಲ್ಲಿ ಏನನ್ನಾದರೂ ಹಿಡಿಯಲು ಹೋದಾಗ ನಡುಗುತ್ತದೆ. ಈ ಎರಡನೆಯದೇ ಇಂದು ಮಲ್ಟಿಪಲ್ ಸ್ಕ್ಲೆರೋಸಿಸ್ ಎನಿಸಿಕೊಂಡಿರುವ ವ್ಯಾಧಿ. ನರತಂತುಗಳ ಹೊದಿಕೆ ಅಲ್ಲಲ್ಲಿ ನಾಶವಾಗಿ ಗಟ್ಟಿಯಾದ ಕಲೆಗಳು ಉಳಿಯುತ್ತವೆ. ಈ ಕಲೆಗಳನ್ನು ಮೊದಲೇ ಕೆಲವರು ಕಂಡಿದ್ದರು. ಕಲೆಗೂ ಲಕ್ಷಣಕ್ಕೂ ಇರುವ ಸಂಬಂಧವನ್ನು ಸ್ಪಷ್ಟಪಡಿಸಿದ ಕೀರ್ತಿ ಶಾರ್ಕೊಗೆ ಸಲ್ಲುತ್ತದೆ.

ಆದರೆ ಈ ವ್ಯಾಧಿ ಏಕೆ ಬರುತ್ತದೆ? ಥಂಡಿ, ದುಃಖ, ಜ್ವರ ಮುಂತಾದವನ್ನು ಆತನು ಹೆಸರಿಸಿದನು; ಒಟ್ಟಾರೆ ನರರೋಗಗಳಿಗೆ ವಂಶವೇ ಮೂಲವೆಂದು ಬಲವಾಗಿ ನಂಬಿದ್ದನು. ಶಿಷ್ಯ ಪಿಯರ್ ಮಾರಿಯಾದರೋ 1884ರಲ್ಲಿ, ಇದು ಸೋಂಕಿನಿಂದ ಬರುವುದೆಂದು ವಾದಿಸಿದನು. ಪ್ರಶ್ನೆ ಬಗೆಹರಿಯುವ ಮೊದಲೇ, 1893ರ ಆಗಸ್ಟ್ 16ರಂದು ಗುರು ತೀರಿಕೊಂಡನು.

ಆಸ್ಪತ್ರೆಯ ಗೋಡೆಗಳೊಳಗೆ ಸಿಗದ ಸುಳಿವು ಮುಂದೆ ಭೂಪಟದಲ್ಲಿ ಸಿಕ್ಕಿತು. ಅಮೆರಿಕದ ಸೈನ್ಯಕ್ಕೆ ಕರೆಬಂದ ಯುವಕರ ಲೆಕ್ಕವನ್ನು 1922ರಲ್ಲಿ ನೋಡಿದಾಗ, ಉತ್ತರದ ಮಹಾಸರೋವರಗಳ ಸೀಮೆಯಲ್ಲಿ ಈ ವ್ಯಾಧಿ ಹೆಚ್ಚೆಂದು ಕಂಡಿತು. ಸಮಭಾಜಕ ವೃತ್ತದಿಂದ ದೂರ ಹೋದಂತೆ ಅದು ಸಾಮಾನ್ಯವಾಗಿ ಹೆಚ್ಚುತ್ತದೆ. ಉತ್ತರ ಯೂರೋಪಿನಲ್ಲಿರುವಷ್ಟು ನಮ್ಮ ದೇಶದಲ್ಲಿಲ್ಲ. ಯೂರೋಪಿನಿಂದ ದಕ್ಷಿಣ ಆಫ್ರಿಕಕ್ಕೆ ಬೆಳೆದ ಮೇಲೆ ವಲಸೆ ಹೋದವರಲ್ಲಿ ಇದು ಹೆಚ್ಚಾಗಿ ಕಂಡಿತು. ಬಾಲ್ಯದಲ್ಲೇ ಹೋದವರಲ್ಲಿ ಕಡಿಮೆ. ವಂಶ ಅದೇ, ಬೆಳೆದ ನೆಲ ಬೇರೆ! ಹಾಗಾದರೆ ವಂಶವೊಂದೇ ಕಾರಣವಾಗಲಾರದು.

ಎಳೆತನದಲ್ಲಿ ಬಿಸಿಲೂ ಅದರಿಂದ ದೊರೆಯುವ ಡಿ ಜೀವಸತ್ವವೂ ಸಾಲದಿರುವುದು, ಧೂಮಪಾನ ಇವು ಅಪಾಯವನ್ನು ಹೆಚ್ಚಿಸುವಂತೆ ತೋರುತ್ತವೆ. ಸುಮಾರು 1 ಕೋಟಿ ಅಮೆರಿಕನ್ ಸೈನಿಕರನ್ನು ಕುರಿತು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಪ್‌ಸ್ಟೀನ್-ಬಾರ್ ವೈರಸ್ ಸೋಂಕಿದ ಮೇಲೆ ಅಪಾಯ 32 ಪಟ್ಟು ಏರಿದ್ದು ಕಂಡಿತು. ಆದರೆ ಈ ವೈರಸ್ ಬಹುಪಾಲು ಜನರಲ್ಲಿದ್ದರೂ ವ್ಯಾಧಿ ಬರುವುದು ಕೆಲವರಿಗೆ ಮಾತ್ರ. ವಂಶ, ನೆಲ, ಸೋಂಕು ಮೂರೂ ಕೂಡಿದಲ್ಲಿ ರೋಗ ಹುಟ್ಟುತ್ತದೆಂಬುದು ಇಂದಿನ ತಿಳಿವಳಿಕೆ.

ಗುರುವಿನ ಮಾತೂ ಶಿಷ್ಯನ ಮಾತೂ ಪೂರ್ತಿ ಸುಳ್ಳಾಗಲಿಲ್ಲ. ಯಾವುದೊಂದೂ ಪೂರ್ಣವೂ ಆಗಲಿಲ್ಲ. ತಾಳ್ಮೆಯಿಂದ ನೋಡುವುದನ್ನು ಶಾರ್ಕೊವಿನಿಂದಲೂ, ಗುರು ನಿಲ್ಲಿಸಿದ ಕಡೆಯಿಂದ ಮುಂದೆ ಕೇಳುವುದನ್ನು ಆತನ ಶಿಷ್ಯನಿಂದಲೂ ವಿದ್ಯಾರ್ಥಿಗಳಾದ ನಾವು ಕಲಿಯಬೇಕು.